ಸೊಟ್ಟ ಕೊಳವೆಯ ದಿಗ್ವಿಜಯ

ಲೋಕದಲ್ಲಿ ಕೊಡುಗೈ ದೊರೆಗಳು ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಅವರಲ್ಲಿ ಬಹುಪಾಲು ಜನ ಕೊಡುವ ಮುಂಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಸುತ್ತ ಕಣ್ಣಾಡಿಸಿದವರೇ. ಆದರೆ ಹೊಗೆಸೊಪ್ಪಿನ ಹೊಲಗಳ ನಡುವೆ, ಹೆಂಚು ಜಾರಿದ ಒಂದು ಮನೆಯಲ್ಲಿ, ಯಾರೂ ನೋಡದಿದ್ದರೂ ಕೊಡುವ, ಪೂರ್ತಿ ಕೇಳುವ ಮುಂಚೆಯೇ ಕೊಡುವ, ಕೆಲವೊಮ್ಮೆ ತನ್ನದಲ್ಲದ್ದನ್ನೂ ಕೊಟ್ಟುಬಿಡುವ ಮಹಾನುಭಾವನೊಬ್ಬನಿದ್ದ. ಯಾರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ತಗೊಂಡ್ಹೋಗು." ಗುದ್ದಲಿಯೇ? ತಗೊಂಡ್ಹೋಗು. ಹಗ್ಗವೇ? ತಗೊಂಡ್ಹೋಗು. ಹೀಗೆ ಹೇಳಿ ಹೇಳಿ ಅಪ್ಪ ಅಮ್ಮ ಇಟ್ಟಿದ್ದ ಹೆಸರು ಸವೆದುಹೋಗಿ, ಊರ ಬಾಯಲ್ಲಿ ಅವನು ತಗೊಂಡ್ಹೋಗಪ್ಪನಾದ.

ಅವನ ಮೇಲೆ ಹುಟ್ಟಿಕೊಂಡ ಕಥೆಗಳಿಗೆ ಲೆಕ್ಕವಿಲ್ಲ. ಒಮ್ಮೆ ಅವನ ಮನೆಗೆ ಕಳ್ಳ ನುಗ್ಗಿದನಂತೆ. ಹೆಂಚು ತೆಗೆಯುವಾಗ, ಇವನ ಅಂಗಳದಲ್ಲೇ ಸಿಕ್ಕಿದ್ದ ಏಣಿ ಅಲ್ಲಾಡಿತಂತೆ. ಇವನು ಎದ್ದುಬಂದು ಏಣಿ ಹಿಡಿದನಂತೆ. ಕಳ್ಳನಿಗೆ ನಾಚಿಕೆಯಾಗಿ ಏನನ್ನೂ ಮುಟ್ಟದೆ ಇಳಿದುಹೋದನಂತೆ, ಆದರೆ ಮಾರನೆಯ ದಿನ ಬಂದು ಏಣಿ ಕೇಳಿದನಂತೆ. "ತಗೊಂಡ್ಹೋಗು" ಎಂದನಂತೆ. ಇನ್ನೊಮ್ಮೆ ಯಾರೋ ಚಳಿಯೆಂದು ಬಂದಾಗ ಹೊದ್ದು ಮಲಗಿದ್ದ ಕಂಬಳಿಯೊಳಗಿಂದಲೇ, "ತಗೊಂಡ್ಹೋಗು, ಒಳಗೆ ನಾನಿದೀನಿ, ನಿಧಾನಕ್ಕೆ ಎಳಿ" ಎಂದನಂತೆ.

ಅವನ ಹೆಂಡತಿ ಈ ಕಥೆಗಳನ್ನು ನಂಬುತ್ತಿರಲಿಲ್ಲ. ನಿಜವಾಗಿ ನಡೆದವು ಇವಕ್ಕಿಂತ ಕೆಟ್ಟದಾಗಿದ್ದವು. ಅವಳ ಮದುವೆಯೇ ಅಂಥದ್ದೊಂದು. ಅವಳ ಅಣ್ಣ ಗೊಬ್ಬರ ಸಾಗಿಸಲು ಕೈಗಾಡಿ ಕೇಳಿಕೊಂಡು ಇವನಲ್ಲಿಗೆ ಬಂದಿದ್ದ. ಕೇಳಿ ಮುಗಿಸುವ ಮುಂಚೆಯೇ ಗಾಡಿ ಸಿಕ್ಕಿತು. ಇಲ್ಲ ಎನ್ನುವ ಅಭ್ಯಾಸವೇ ಇಲ್ಲದ ಇಂಥವನ ಬಳಿ ಬಂದಾಗ ಒಂದೇ ಕೆಲಸ ಮುಗಿಸಿಕೊಂಡು ಹೋಗುವುದು ದಡ್ಡತನ ಎನಿಸಿ, "ಮನೇಲಿ ಒಬ್ಬಳು ತಂಗಿ ಇದಾಳಪ್ಪ" ಎಂದ. "ಆಗ್ಲಿ" ಎಂದು ಉತ್ತರ ಬಂತು. ತಂಗಿ ಬಂದಳು. ಗಾಡಿ ವಾಪಸ್ಸು ಬರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವನು ಮನೆಯಲ್ಲಿದ್ದ ಒಂದೇ ಒಂದು ಮಂಚವನ್ನು ದರ್ಜಿಯ ಮನೆಗೆ ಕೊಟ್ಟುಬಿಟ್ಟ. ದರ್ಜಿಗೆ ಸೊಂಟನೋವಂತೆ. ಆ ದಿನ ಅವಳು ಒನಕೆ ಎತ್ತಿಕೊಂಡು ಅಂಗಳಕ್ಕೆ ಬಂದಳು. ಗಂಡ ಕೈಗೆ ಸಿಗಲಿಲ್ಲ. ಮಸಿ ಒರೆಸಲೆಂದು ಹೊರಗೆ ಹಾಕಿದ್ದ ತಗಡಿನ ಕೊಳವೆ ಸಿಕ್ಕಿತು. ಬಾರಿಸಿದ ಒಂದೇ ಏಟಿಗೆ ಕೊಳವೆ ಬಾಗುವ ಮೊಣಕೈಯಲ್ಲಿ ತಗ್ಗು ಬಿತ್ತು, ಮಲಗಿದ ನಾಯಿಯ ಕಿವಿಯಂಥ ತಗ್ಗು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಈ ಲೋಕದಲ್ಲಿ ಮಾಡಿದ ಸಹಿ ಅದೊಂದೇ.

ಈ ಕೊಳವೆ ಯಾವುದು ಎಂದು ಹೇಳಬೇಕು. ಹೊಗೆಸೊಪ್ಪನ್ನು ಹೊಲದಿಂದ ಕಿತ್ತು ತಂದ ಹಾಗೇ ಯಾರೂ ಕೊಳ್ಳುವುದಿಲ್ಲ. ಕೋಲುಗಳಿಗೆ ಕಟ್ಟಿ, ಎತ್ತರದ ಮಣ್ಣಿನ ಗೋಡೆಯ ಕೋಣೆಯೊಂದರಲ್ಲಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನಿಂದ ಒಲೆಗೆ ಸೌದೆ ಒಟ್ಟಿ, ಆ ಬಿಸಿಯನ್ನು ನೆಲದ ಮೇಲೆ ಹಾಸಿದ ತಗಡಿನ ಕೊಳವೆಗಳಲ್ಲಿ ಸುತ್ತಾಡಿಸಿ, ಹಸಿರು ಸೊಪ್ಪು ಹಳದಿಯಾಗುವ ತನಕ ಬೇಯಿಸಬೇಕು. ಆ ಕೋಣೆಗೆ ಬ್ಯಾರನ್ ಎನ್ನುತ್ತಾರೆ. ಕೊಳವೆಯಿಲ್ಲದ ಬ್ಯಾರನ್ ಬರೀ ಎತ್ತರದ ಕತ್ತಲೆ.

ಅವರಿದ್ದ ಬೀದಿಯಲ್ಲಿ ಏಳೆಂಟು ಜನ ಸಣ್ಣ ಬೆಳೆಗಾರರು. ಎಲ್ಲರದೂ ಅಂಗೈಯಗಲದ ಹೊಲ. ಎಲ್ಲರಿಗೂ ಅಪ್ಪ ತಾತಂದಿರು ಕಟ್ಟಿಸಿದ ಬ್ಯಾರನ್ನು ಇತ್ತು, ಅದರ ಬಾಗಿಲಿಗೆ ಹೊಗೆಸೊಪ್ಪು ಕಚೇರಿಯವರು ಬಿಳಿ ಬಣ್ಣದಲ್ಲಿ ಬರೆದ ನಂಬರು ಇತ್ತು. ನಂಬರಿದ್ದವನು ಮಾತ್ರ ಹರಾಜುಕಟ್ಟೆಯಲ್ಲಿ ಸೊಪ್ಪು ಮಾರಬಹುದು. ಆದರೆ ಕೊಳವೆಗಳು ಎಲ್ಲರ ಬ್ಯಾರನ್ನಿನಲ್ಲೂ ತುಕ್ಕು ಹಿಡಿದು ಉದುರಿಹೋಗಿ ಎಷ್ಟೋ ಕಾಲವಾಗಿತ್ತು. ದರ್ಜಿಯ ಬ್ಯಾರನ್ನಿನಲ್ಲಿ ಸೌದೆ. ಟೀ ಅಂಗಡಿಯವನದರಲ್ಲಿ ಮುರಿದ ಬೆಂಚುಗಳು. ಬೀದಿಯ ಅಜ್ಜಿಯದರಲ್ಲಿ ಆಡುಗಳು. ಉರಿಯುತ್ತಿದ್ದದ್ದು ತಗೊಂಡ್ಹೋಗಪ್ಪನದೊಂದೇ. ಎಲ್ಲರೂ ಸರದಿಯ ಮೇಲೆ ಅದರಲ್ಲೇ ಸೊಪ್ಪು ಬೇಯಿಸಿಕೊಳ್ಳುತ್ತಿದ್ದರು. ಬಾಡಿಗೆ? ಆ ಪದವನ್ನು ಅವನ ಹೆಂಡತಿ ಒಮ್ಮೆ ಎತ್ತಿದ್ದಳು. ಇಡೀ ಬೀದಿ ಒಂದು ವಾರ ಅವಳನ್ನು ಸಾಲಗಾರಳನ್ನು ನೋಡುವ ಹಾಗೆ ನೋಡಿತು.

ಆ ಒಂದೇ ಬ್ಯಾರನ್ನಿನ ಚಾವಣಿಯ ತೊಲೆ ಸೀಳುಬಿಟ್ಟಿತ್ತು. ಒಂದು ಕಂಬ ಒತ್ತುಕೊಟ್ಟು ನಿಲ್ಲಿಸಿದ್ದರು. ಪ್ರತಿ ಸಲ ಒಳಗೆ ಹೋಗುವಾಗ ಅವಳು ಮೊದಲು ತಲೆಯೆತ್ತಿ ತೊಲೆ ನೋಡುತ್ತಿದ್ದಳು. ಕೆಳಗೆ ಬೆಂಕಿ ಕಾಯುತ್ತ ಕೂರುವವನು ಗಂಡ. ತೊಲೆ ಬಿದ್ದರೆ ಬೀಳುವುದು ಅವನ ಮೇಲೆ. "ಒಂದು ತೊಲೆ ಹಾಕಿಸ್ರೀ" ಎಂದು ಅವಳು ಹೇಳಿದ್ದು ಎಷ್ಟು ವರ್ಷವೆಂದರೆ, ಕೊನೆಕೊನೆಗೆ ಅದು ಊಟಕ್ಕೆ ಕರೆಯುವ ಧಾಟಿಯಲ್ಲೇ ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಸರ್ಕಾರದ ಕಣ್ಣು ಇವರ ಮೇಲೆ ಬಿತ್ತು.

ಸುದ್ದಿ ತಂದವನು ಅವಳ ಅಣ್ಣ. ಅಣ್ಣನದೂ ಅದೇ ಬೀದಿ, ಅದೇ ಬೆಳೆ. ಆದರೆ ಅವನು ಹೊಲಕ್ಕಿಂತ ಕಚೇರಿಯ ವರಾಂಡದಲ್ಲಿ ಹೆಚ್ಚು ಬೆವರು ಸುರಿಸಿದವನು.

"ಸಬ್ಸಿಡಿ ಬಂದಿದೆ" ಎಂದು ಅಂಗಳದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಘೋಷಿಸಿದ. "ಸಣ್ಣ ಬೆಳೆಗಾರರ ಬ್ಯಾರನ್ ರಿಪೇರಿಗೆ. ಕೈಗೇ ಕೊಡ್ತಾರೆ."

"ದೇವರಿದಾನೆ" ಎಂದಳು ಅಜ್ಜಿ.

"ಆದ್ರೆ ಬ್ಯಾರನ್ ಸುಸ್ಥಿತೀಲಿರ್ಬೇಕು. ಕೊಳವೆ ಗಿಳವೆ ಎಲ್ಲ ಇರ್ಬೇಕು. ಸಾಹೇಬ್ರು ಬಂದು ಕಣ್ಣಾರೆ ನೋಡಿ ಬರ್ಕೋತಾರೆ."

ದರ್ಜಿ ಕತ್ತರಿ ಹಿಡಿದ ಹಾಗೆ ಎರಡು ಬೆರಳೆತ್ತಿದ. "ಅಲ್ಲಯ್ಯ, ಚೆನ್ನಾಗಿದ್ರೆ ರಿಪೇರಿ ಯಾಕೆ?"

"ಕೆಟ್ಟಿರೋದಕ್ಕೆ ದುಡ್ಡು ಹಾಕಿದ್ರೆ ಸರ್ಕಾರಕ್ಕೆ ನಷ್ಟ ಅಲ್ವೇನಯ್ಯ?"

ಎಲ್ಲರೂ ತಲೆಯಾಡಿಸಿದರು. ಕಚೇರಿಯಿಂದ ಬಂದ ಮಾತೆಂದ ಮೇಲೆ ಅರ್ಥವಾಗದಿದ್ದರೇ ಅದು ಸರಿಯಾದ ಮಾತು ಎನ್ನುವಷ್ಟು ಅನುಭವ ಎಲ್ಲರಿಗೂ ಇತ್ತು.

"ಇನ್ನೊಂದು" ಎಂದ ಅಣ್ಣ, ದನಿ ತಗ್ಗಿಸಿ. "ನೋಡಿದಾಗ ಕೊಳವೆ ಇಲ್ದೇ ಇದ್ರೆ ದುಡ್ಡೂ ಇಲ್ಲ, ನಂಬರೂ ಹೋಯ್ತು. ಬಾಗಿಲ ಮೇಲೆ ಕೆಂಪು ಗೀಟು."

ಆಗ ಎಲ್ಲರ ಮುಖವೂ, ಸೂರ್ಯನ ಕಡೆ ತಿರುಗುವ ಹೂಗಳ ಹಾಗೆ, ಒಂದೇ ಕಡೆ ತಿರುಗಿತು. ಆ ಕಡೆ ಜಗುಲಿಯ ಮೇಲೆ ನಮ್ಮ ಕಥಾನಾಯಕ ಕೂತು ಸೊಪ್ಪು ಕಟ್ಟುವ ದಾರ ಬಿಡಿಸುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಎಣಿಸತೊಡಗಿದಳು. ಅವನ ಬಾಯಿ ತೆರೆಯುವ ತನಕ ಅವಳಿಗೆ ಮೂರು ಎಣಿಸಲೂ ಆಗಲಿಲ್ಲ.

"ತಗೊಂಡ್ಹೋಗಿ."

ಯುದ್ಧತಂತ್ರ ಆ ಸಂಜೆಯೇ ಸಿದ್ಧವಾಯಿತು. ಜೀಪು ಬರುವುದು ಬೀದಿಯ ಆ ತುದಿಯಿಂದ. ಮೊದಲು ಟೀ ಅಂಗಡಿಯವನ ಬ್ಯಾರನ್ನಿಗೆ ಕೊಳವೆ ಜೋಡಿಸುವುದು. ಸಾಹೇಬರು ನೋಡಿ ಮುಗಿಸಿ ಟೀ ಕುಡಿಯುವಷ್ಟರಲ್ಲಿ ಹಿಂಬದಿಯ ಕಿಂಡಿಯಿಂದ ಕೊಳವೆ ಎಳೆದು, ಹೊಲದ ಬದುವಿನ ಮೇಲೆ ಹೊತ್ತೊಯ್ದು ದರ್ಜಿಯ ಬ್ಯಾರನ್ನಿಗೆ. ಅಲ್ಲಿಂದ ಮುಂದಕ್ಕೆ, ಹಾಗೇ ಮುಂದಕ್ಕೆ. ಕೊನೆಗೆ ಬೀದಿಯ ಈ ತುದಿಯಲ್ಲಿರುವ ಅದರ ಸ್ವಂತ ಮನೆಗೆ.

"ಅದೆಲ್ಲ ಆಗಲ್ಲ" ಎಂದಳು ಹೆಂಡತಿ. "ಮೊದ್ಲು ಸಾಹೇಬ್ರು ನಮ್ದು ನೋಡ್ಲಿ. ಇದ್ದ ಕಡೆ ಇದ್ದ ಹಾಗೆ ನೋಡ್ಲಿ. ಆಮೇಲೆ ನೀವು ಬಿಚ್ಕೊಂಡು ಎಲ್ಲಿಗಾದ್ರೂ ಹೊತ್ಕೊಂಡ್ಹೋಗಿ."

"ತಂಗೀ, ಜೀಪಿಗೆ ಹಿಂದ್‌ಮುಂದಾಗಿ ಬಾ ಅನ್ನೋಕಾಗುತ್ತಾ?" ಎಂದ ಅಣ್ಣ.

"ಬದುವಿನ ಮೇಲೆ ಕರ್ಕೊಂಡ್ ಬನ್ನಿ. ಕೊಳವೆ ಹೊರೋರಿಗೆ ಸಾಹೇಬ್ರನ್ನ ಹೊರೋಕಾಗಲ್ವಾ?"

"ಇರ್ಲಿ ಬಿಡೇ" ಎಂದ ಗಂಡ. "ಎಲ್ಲರದೂ ಆಗ್ಲಿ. ನಮ್ದು ಎಲ್ಲಿಗ್ಹೋಗುತ್ತೆ? ಕೊಳವೆ ನಮ್ದೇ ಅಲ್ವಾ."

ಇದ್ದ ಕೊಳವೆಯ ಒಡೆಯ ಬೀದಿಯಲ್ಲಿ ತಾನೊಬ್ಬನೇ ಆದ್ದರಿಂದ ಕೊನೆಯಲ್ಲಿ ನಿಲ್ಲುವ ಧೈರ್ಯ ತನಗೊಬ್ಬನಿಗೇ ಉಂಟು ಎಂದು ಅವನ ಲೆಕ್ಕ. ಪ್ರಾಮಾಣಿಕರು ಸಾಲಿನಲ್ಲಿ ಹಿಂದೆ ನಿಲ್ಲುವುದು ಇಂಥ ಲೆಕ್ಕ ಹಾಕಿಯೇ.

ಆ ಮಹಾದಿನ ಬಂತು. ಕೊಳವೆಯ ದಿಗ್ವಿಜಯ ಆರಂಭವಾಯಿತು. ಮುಂದೆ ಜೀಪಿನಲ್ಲಿ ಸಾಹೇಬರು; ಬೆಳ್ಳಗಿನ ಶರ್ಟು, ಮೂಗಿಗೆ ಕರವಸ್ತ್ರ, ಕೈಯಲ್ಲಿ ಟಾರ್ಚು. ಜೀಪಿನ ಬ್ಯಾಟರಿ ಸತ್ತಿದ್ದರಿಂದ ಡ್ರೈವರು ಎಂಜಿನ್ ಆರಿಸುವ ಗೋಜಿಗೇ ಹೋಗಲಿಲ್ಲ. ಅದು ಇಡೀ ದಿನ ಗುಡುಗುಡು ಎನ್ನುತ್ತಲೇ ಇತ್ತು. ಹಿಂದೆ ಹೊಲಗಳಲ್ಲಿ, ಸೊಪ್ಪಿನ ಗಿಡಗಳ ಮರೆಯಲ್ಲಿ ತಲೆ ತಗ್ಗಿಸಿಕೊಂಡು, ಹೆಗಲ ಮೇಲೆ ತುಂಡು ತುಂಡು ಕೊಳವೆ ಹೊತ್ತ ಸೇನೆ. ಸೇನಾಪತಿ ತಗೊಂಡ್ಹೋಗಪ್ಪ. ಸೊಟ್ಟ ಮೊಣಕೈಯನ್ನು ಅವನು ಬೇರೆಯವರ ಕೈಗೆ ಕೊಡಲಿಲ್ಲ. ಜೋಡಿಸುವ ವರಸೆ ಅವನಿಗೊಬ್ಬನಿಗೇ ಗೊತ್ತಿದ್ದದ್ದು. ಪ್ರತಿ ಬ್ಯಾರನ್ನಿನಲ್ಲೂ ಅವನು ಅಂಗಾತ ಮಲಗಿ, ಕೀಲಿಗೆ ಹಸಿಮಣ್ಣು ಮೆತ್ತಿ ಕೂರಿಸುತ್ತಿದ್ದ, ಸಾಹೇಬರು ಹೋದೊಡನೆ ಮತ್ತೆ ಮಲಗಿ ಬಿಚ್ಚುತ್ತಿದ್ದ. ಪ್ರತಿ ಸಲ ಒಂದು ಬೊಗಸೆ ಹಳೆಯ ಮಸಿ ಅವನ ಮುಖದ ಮೇಲೆ ಸುರಿಯುತ್ತಿತ್ತು. ಹೆಂಡತಿ ಹಿಂದೆಯೇ ಮಣ್ಣಿನ ಬಾಣಲೆ ಹೊತ್ತು ಓಡುತ್ತಿದ್ದಳು, ಬಾಯಲ್ಲಿ ಬೈಗುಳದ ಜಪ ಬಿಡದೆ.

ಟೀ ಅಂಗಡಿಯವನ ಬ್ಯಾರನ್ ಗೆದ್ದಿತು. ದರ್ಜಿಯದು ಗೆದ್ದಿತು. ಅಜ್ಜಿಯ ಬ್ಯಾರನ್ನಿನಲ್ಲಿ ಸಾಹೇಬರು ಟಾರ್ಚು ಬಿಟ್ಟರೆ, ಕೊಳವೆಯ ಪಕ್ಕದಲ್ಲಿ ಒಂದು ಆಡು ಕಾಲು ಮಡಿಸಿ ಕೂತು ಮೆಲುಕು ಹಾಕುತ್ತಿತ್ತು. ಬೆಳಿಗ್ಗೆಯೇ ಎಲ್ಲವನ್ನೂ ಹೊರಗಟ್ಟಿದ್ದರು. ಇದೊಂದಕ್ಕೆ ಮನೆಯ ನೆನಪಾಗಿ ವಾಪಸ್ಸು ಬಂದಿತ್ತು.

"ಇದೇನಮ್ಮ ಇದು?"

"ಆಡು, ಸ್ವಾಮಿ."

"ಅದು ಗೊತ್ತು. ಇಲ್ಲಿ ಯಾಕಿದೆ?"

ಅಜ್ಜಿ ತಡವರಿಸಲಿಲ್ಲ. "ನಮ್ ಬ್ಯಾರನ್ ಯಾವಾಗ್ಲೂ ಉರೀತಿರುತ್ತಲ್ಲ ಸ್ವಾಮಿ, ಬೆಚ್ಚಗಿರುತ್ತೆ ಅಂತ ಬಂದ್ಬಿಡ್ತಾವೆ. ಎಷ್ಟು ಓಡಿಸಿದ್ರೂ ಕೇಳಲ್ಲ."

ಸಾಹೇಬರು ಆಡನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಕೊಳವೆಯ ಮೊಣಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಸರಿ ಎಂದು ಬರೆದುಕೊಂಡರು. ಹೊರಗೆ ಗಿಡಗಳ ಮರೆಯಲ್ಲಿದ್ದ ಸೇನೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿತು. ಆ ಹೊತ್ತಿಗೆ ಹೆಂಡತಿಗೂ ನಗು ಬಂತೆಂಬುದನ್ನು ಮುಚ್ಚಿಡಬಾರದು.

ಅಣ್ಣನ ಬ್ಯಾರನ್ನಿನಲ್ಲಿ ಅಣ್ಣ ಸಾಹೇಬರಿಗೆ ಕುರ್ಚಿ ಹಾಕಿಸಿದ, ಎಳನೀರು ಕೊಟ್ಟ, ಬ್ಯಾರನ್ನಿಗೋಸ್ಕರ ತಾನು ಪಟ್ಟ ಪಾಡನ್ನು ವರ್ಣಿಸಿದ. ವರ್ಣನೆ ಎಷ್ಟು ಚೆನ್ನಾಗಿತ್ತೆಂದರೆ ಅವನ ಕಣ್ಣಲ್ಲೇ ನೀರು ಬಂತು. ಹೀಗೆ ಎಲ್ಲರದೂ ಮುಗಿದು, ಕೊಳವೆ ತನ್ನ ತವರಿಗೆ ಮರಳುವ ಹೊತ್ತು ಬಂತು.

ಅಲ್ಲೇ ಎಡವಟ್ಟಾಯಿತು. ಅಣ್ಣನ ಮನೆಯಿಂದ ತಂಗಿಯ ಮನೆಗೆ ಇದ್ದದ್ದು ಒಂದು ಬೇಲಿಯ ಅಂತರ. ಕುಡಿಯಲು ಏನು ಕೊಟ್ಟರೂ ಸಾಹೇಬರ ಹೊಟ್ಟೆಯಲ್ಲಿ ಇನ್ನು ಜಾಗವಿರಲಿಲ್ಲ. ಸೇನೆಯವರು ತಮ್ಮ ತಮ್ಮ ಕೆಲಸ ಆಯಿತೆಂದು ಒಬ್ಬೊಬ್ಬರೇ ಕರಗಿಹೋಗಿದ್ದರು. ಬೆಳಿಗ್ಗೆ ಆರು ಹೆಗಲ ಮೇಲಿದ್ದ ಕೊಳವೆ ಈಗ ಗಂಡ ಹೆಂಡಿರಿಬ್ಬರ ಹೆಗಲ ಮೇಲೆ ಬಂತು. ಅವನು ತನ್ನ ಬ್ಯಾರನ್ನಿನೊಳಗೆ ಮಲಗಿ ಕೊನೆಯ ಕೀಲಿಗೆ ಮಣ್ಣು ಮೆತ್ತುತ್ತಿದ್ದಾಗಲೇ ಜೀಪು ಗುಡುಗುಡು ಎಂದು ಅಂಗಳಕ್ಕೆ ಬಂತು. ಸಾಹೇಬರ ಹಿಂದೆ, ಏನಾಗುತ್ತದೋ ನೋಡಲು, ಗೆದ್ದವರೆಲ್ಲ ಕೈ ತೊಳೆದುಕೊಂಡು, ತಲೆ ಬಾಚಿಕೊಂಡು ಬಂದು ನಿಂತರು.

ಅವನು ಹೊರಗೆ ಬಂದ. ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಸಾಹೇಬರು ಬಗ್ಗಿ ಕೀಲಿನ ಮಣ್ಣನ್ನು ಬೆರಳಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಬೆರಳನ್ನು ಟಾರ್ಚಿನ ಬೆಳಕಿಗೆ ಹಿಡಿದರು. ಆಮೇಲೆ ಟಾರ್ಚನ್ನು ಮೊಣಕೈಯ ಮೇಲೆ, ಆ ನಾಯಿಕಿವಿಯ ಮೇಲೆ ಬಿಟ್ಟರು.

"ಇವರನ್ನ ನಾನು ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ" ಎಂದರು, ಯಾರೋ ಹಳೆಯ ಪರಿಚಯದವರು ಎದುರಾದ ಹಾಗೆ. "ಎಲ್ಲೆಲ್ಲಿ ಹೋದ್ರೂ ನನಗಿಂತ ಮುಂಚೆ ಬಂದು ಕೂತಿರ್ತಾರೆ. ಯಾರ್ದಪ್ಪ ಈ ಕೊಳವೆ?"

ಅಂಗಳದಲ್ಲಿ ಜೀಪು ಗುಡುಗುಡು ಎನ್ನುತ್ತಲೇ ಇತ್ತು. ದರ್ಜಿ ತನ್ನ ಅಂಗಿಯ ಗುಂಡಿ ಎಣಿಸಿದ. ಅಜ್ಜಿಗೆ ಇದ್ದಕ್ಕಿದ್ದಂತೆ ಕಿವಿ ಕೇಳದಾಯಿತು. ಆಗ ಅವಳ ಅಣ್ಣ, ಒಡಹುಟ್ಟಿದ ಅಣ್ಣ, ಒಂದು ಹೆಜ್ಜೆ ಮುಂದೆ ಬಂದ.

"ಪಾಪ, ಕೇಳ್ದ ಸಾರ್. ನಮ್ ಭಾವನೇ. ಇಲ್ಲ ಅನ್ನೋಕಾಗ್ಲಿಲ್ಲ. ಕೊಟ್ವಿ."

ಹೆಂಡತಿಯ ಕೈಯಲ್ಲಿದ್ದ ಬಾಣಲೆ ನೆಲಕ್ಕೆ ಬಿತ್ತು.

"ಅಣ್ಣಾ! ನಿನ್ ಬಾಯಿಗೆ ಮಣ್ಣು ಬೀಳ! ಯಾರು ಯಾರಿಗೆ ಕೊಟ್ರೋ? ಸಾಹೇಬ್ರೇ, ಕೊಳವೆ ನಮ್ದು. ಆ ತಗ್ಗು ನಾನೇ ಒನಕೇಲಿ ಹೊಡ್ದಿದ್ದು. ಬೇಕಾದ್ರೆ ಒನಕೆ ತಂದು ಇಟ್ಟು ತೋರಿಸ್ತೀನಿ. ಇವ್ರ ಯಾರ ಮನೇಲೂ ಒಂದು ಗೇಣು ಕೊಳವೆ ಇಲ್ಲ. ಈ ಮುದುಕೀದು ಆಡಿನ ಕೊಟ್ಟಿಗೆ!"

ಸಾಹೇಬರು ಆಶ್ಚರ್ಯಪಡಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ. ಕರವಸ್ತ್ರ ಮಡಿಸಿ ಜೇಬಿಗಿಟ್ಟು, ಜೀಪು ಹತ್ತಿ ಕೂತು, ಕಿಟಕಿಯಿಂದ ಅವಳ ಕಡೆ ಬಗ್ಗಿ ಮೆಲ್ಲಗೆ ಮಾತಾಡಿದರು. ಬೇಸರದ ಮನುಷ್ಯ, ಕೆಟ್ಟವರೇನಲ್ಲ. ಅಂಥವರಿಂದಲೇ ಹೆಚ್ಚಿನ ಕೆಡುಕಾಗುವುದು.

"ನನಗೆ ಎರಡನೇ ಬ್ಯಾರನ್ನಿಗೇ ಗೊತ್ತಾಯ್ತಮ್ಮ. ಹೋಗ್ಲಿ ಬಡವರು ಅಂತ ಬರ್ಕೊಂಡೆ. ಆದ್ರೆ ಬೀದೀಲಿರೋ ಎಲ್ಲದೂ ಸರಿ ಅಂತ ಬರೆದ್ರೆ, ನೀನು ಜೀಪಿಂದ ಇಳಿದೇ ಇಲ್ಲ ಅಂತಾರೆ ಮೇಲಿನೋರು. ಒಂದಾದ್ರೂ ಬೀಳ್ಬೇಕು. ಕೊನೇದು ನಿಮ್ದು ಬಂತು. ಮಣ್ಣು ಬೇರೆ ಹಸಿ."

"ನಮ್ದೊಂದೇ ನಿಜವಾದ್ದು ಸ್ವಾಮಿ!"

"ಇರ್ಬಹುದು. ಈಗ ನಿಮ್ದು ಸರಿ ಅಂದ್ರೆ ಉಳ್ದಿದ್ದೆಲ್ಲ ಸುಳ್ಳು ಅಂತ ಬರೀಬೇಕು. ಎಲ್ಲರ ನಂಬರೂ ಹೋಗುತ್ತೆ. ನಿಮ್ಮಣ್ಣಂದೂ. ಹೇಳಿ, ಬರೀಲಾ?" ಎಂದು ತಲೆಯೆತ್ತಿ ಅವಳ ಗಂಡನ ಕಡೆ ನೋಡಿ ದನಿಯೇರಿಸಿದರು. "ಯಜಮಾನ ಅವನು ತಾನೇ? ಅವನ ಬಾಯಲ್ಲೇ ಹೇಳಿಸಿ. ಏನಪ್ಪ? ಎಲ್ಲರದೂ ಹೊಡ್ದುಹಾಕ್ಲಾ?"

ಇಡೀ ಬೀದಿ ತಗೊಂಡ್ಹೋಗಪ್ಪನ ಕಡೆ ತಿರುಗಿತು. ಎರಡನೆಯ ಸಲ. ಈ ಸಲ ಕಣ್ಣುಗಳಲ್ಲಿ ಬೇರೆ ಬೇಡಿಕೆ. ಅವನು ಬ್ಯಾರನ್ನಿನ ಬಾಗಿಲಿಗೆ ಒರಗಿ ನಿಂತಿದ್ದ, ಜೀಪಿನಿಂದ ಸ್ವಲ್ಪ ದೂರದಲ್ಲಿ. ಹೆಂಡತಿ ಜೀಪಿನ ಬಾಗಿಲು ಹಿಡಿದುಕೊಂಡೇ ಅವನನ್ನು ನೋಡಿದಳು. ಹೇಳು, ಎಂದಿತು ಅವಳ ಮುಖ. ಹುಟ್ಟಿದಾಗಿನಿಂದ ಎಲ್ಲರಿಗೂ ಕೊಟ್ಟೆ, ಇದೊಂದನ್ನು ಇಟ್ಟುಕೋ. ತೊಲೆ ನೆನಪಿಸಿಕೋ.

ಅವನ ಮಸಿ ಮುಖದಲ್ಲಿ ಬಾಯಿ ತೆರೆಯಿತು. ಎದೆ ಮೇಲಕ್ಕೆ ಬಂತು. ಆಮೇಲೆ ಅವನು ಹೆಗಲ ಮೇಲಿನ ಟವೆಲ್ಲನ್ನು ಎಳೆದು ಮುಖಕ್ಕೆ ಒತ್ತಿಕೊಂಡು, ಸೊಂಟ ಬಗ್ಗಿಸಿ, ಗೋಡೆಯ ಕಡೆ ತಿರುಗಿಬಿಟ್ಟ. ಭುಜಗಳು ಅಲುಗುತ್ತಿದ್ದವು. ಜೀಪಿನ ಗುಡುಗುಡಿನಲ್ಲಿ ಏನೂ ಕೇಳಿಸಲಿಲ್ಲ.

ಸಾಹೇಬರು ಸ್ವಲ್ಪ ಕಾದರು. "ಗೊತ್ತಾಯ್ತು ಬಿಡಪ್ಪ" ಎಂದರು. ಡ್ರೈವರು ಇಳಿದು ಬಾಗಿಲ ಮೇಲಿನ ಬಿಳಿ ನಂಬರಿಗೆ ಅಡ್ಡಲಾಗಿ ಕೆಂಪು ಗೀಟು ಎಳೆದ. ಬಣ್ಣ ತೆಳುವಾಗಿತ್ತು, ಕೆಳಗೆ ಹರಿದು ಹೊಸ್ತಿಲ ತನಕ ಬಂತು. ಜೀಪು ಹೋಯಿತು.

ಸಹಾಯಧನ ಬಂತು. ಸರ್ಕಾರ ಈ ಒಂದು ವಿಷಯದಲ್ಲಿ ಮಾತು ಉಳಿಸಿಕೊಂಡಿತು. ಬ್ಯಾರನ್ ದುರಸ್ತಿಯೆಂದರೆ ಏನೆಂಬುದನ್ನು ಬೀದಿಯವರು ವಿಶಾಲವಾಗಿ ಅರ್ಥಮಾಡಿಕೊಂಡರು. ಅಣ್ಣ ಮೋಟಾರ್ ಸೈಕಲ್ ಕೊಂಡ. ಟೀ ಅಂಗಡಿಗೆ ಫ್ರಿಜ್ ಬಂತು. ದರ್ಜಿಯ ಹೊಲಿಗೆ ಯಂತ್ರಕ್ಕೆ ಮೋಟಾರು ಕೂತಿತು. ಅಜ್ಜಿ ಇನ್ನೂ ಎರಡು ಆಡು ತಂದು ತನ್ನ ಸುಸ್ಥಿತಿಯ ಬ್ಯಾರನ್ನಿನಲ್ಲಿ ಕಟ್ಟಿದಳು. ಕೊಳವೆಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಯಾಕೆ ಕೊಳ್ಳಬೇಕು? ಸೊಪ್ಪು ಕೀಳುವ ಕಾಲಕ್ಕೆ ಎಲ್ಲರೂ ಎಂದಿನಂತೆ ಹೊರೆ ಹೊತ್ತು, ಕೆಂಪು ಗೀಟಿನ ಬಾಗಿಲ ಮುಂದೆ ಸರದಿಗೆ ಬಂದು ನಿಂತರು. ಸರ್ಕಾರದ ಪ್ರಕಾರ ಇಲ್ಲದ ಬ್ಯಾರನ್ನಿನಲ್ಲಿ, ಸೀಳಿದ ತೊಲೆಯ ಕೆಳಗೆ ಇಡೀ ಬೀದಿಯ ಸೊಪ್ಪು ಬೆಂದು ಹಳದಿಯಾಯಿತು. ಎಲ್ಲರೂ ತಂತಮ್ಮ ನಂಬರಿನಲ್ಲಿ ಮಾರಿ ಬಂದರು. ಬೇಯಿಸಿಕೊಟ್ಟವನ ಸೊಪ್ಪಿಗೆ ಮಾತ್ರ ನಂಬರಿರಲಿಲ್ಲ. ಅದನ್ನು ಅಣ್ಣ ತನ್ನ ಹೆಸರಿನಲ್ಲಿ ಮಾರಿಕೊಟ್ಟ. ಓಡಾಟದ ಖರ್ಚೆಂದು ಸ್ವಲ್ಪ ಹಿಡಿದುಕೊಂಡ. ಮೋಟಾರ್ ಸೈಕಲ್ಲಿಗೆ ಪೆಟ್ರೋಲು ಬೇಕಲ್ಲ.

ಹಣದ ಬದಲು ಅವನಿಗೆ ಕೀರ್ತಿ ಬಂತು. ಅವನಿಲ್ಲದ ಹೊತ್ತಿನಲ್ಲಿ ಟೀ ಅಂಗಡಿಯಲ್ಲಿ ಫ್ರಿಜ್ಜಿಗೆ ಒರಗಿಕೊಂಡು ಜನ ಆ ಗಳಿಗೆಯನ್ನು ವರ್ಣಿಸುತ್ತಿದ್ದರು. ಒಂದು ಮಾತಿನಲ್ಲಿ ಎಲ್ಲರನ್ನೂ ಮುಗಿಸಬಹುದಿತ್ತು, ಹೇಳಲಿಲ್ಲ. ಮುಖ ಮುಚ್ಚಿಕೊಂಡು ಅತ್ತ, ಆದರೆ ಹೇಳಲಿಲ್ಲ. ಬರುಬರುತ್ತ ಅವನ ಕಣ್ಣೀರಿನಿಂದ ಟವೆಲ್ಲು ತೊಯ್ದು ತೊಟ್ಟಿಕ್ಕಿತು. ಸಾಹೇಬರು ಜೀಪಿನಲ್ಲಿ ಕಣ್ಣೊರೆಸಿಕೊಂಡರು. ಡ್ರೈವರಿನ ಕೈ ನಡುಗಿದ್ದರಿಂದಲೇ ಬಣ್ಣ ಹರಿಯಿತು. ಇಷ್ಟೆಲ್ಲ ಹೊಗಳಿದವರು ಅವನು ಕುಡಿದ ಟೀಗೆ ಮಾತ್ರ ದುಡ್ಡು ಎಣಿಸಿಕೊಳ್ಳುತ್ತಿದ್ದರು.

ಹೆಂಡತಿ ಅವನನ್ನು ಏನೂ ಕೇಳಲಿಲ್ಲ. ಕೇಳುವುದೇನಿದೆ? ಕಣ್ಣಾರೆ ಕಂಡಿದ್ದಳು. ಅವಳು ಒಂದು ಕಡೆ, ಬೀದಿ ಒಂದು ಕಡೆ ನಿಂತಿದ್ದಾಗ ಗಂಡ ಬೀದಿಯ ಕಡೆ ತೂಗಿದ. ಊಟ ಬಡಿಸುತ್ತಿದ್ದಳು, ಸೊಪ್ಪು ಕಟ್ಟುತ್ತಿದ್ದಳು. ತೊಲೆಯ ಮಾತನ್ನು ಮಾತ್ರ ಎತ್ತುವುದನ್ನು ಬಿಟ್ಟುಬಿಟ್ಟಿದ್ದಳು. ಅವನಿಗೂ ಅದು ಗೊತ್ತಾಗುತ್ತಿತ್ತು. ಒಂದೆರಡು ಸಲ ಊಟದ ಮಧ್ಯೆ ತಲೆಯೆತ್ತಿ, ಎಂದಿನ ಮಾತು ಬರಬಹುದೆಂದು ಕಾದವನ ಹಾಗೆ ಅವಳ ಮುಖ ನೋಡಿದ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಇಷ್ಟಾಗುವಷ್ಟರಲ್ಲಿ ಸರ್ಕಾರಕ್ಕೆ ಹೊಗೆಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದೆಂದು ಹೊಳೆಯಿತು. ಬೆಳೆ ಬಿಟ್ಟುಬಿಡುವ ಸಣ್ಣ ರೈತರಿಗೆ ಪರಿಹಾರ ಕೊಡುವುದಾಗಿ ಹೇಳಿತು. ಹೋದ ವರ್ಷದ್ದಕ್ಕಿಂತ ದೊಡ್ಡ ಮೊತ್ತ. ಸುದ್ದಿ ಹೊತ್ತು ಬಂದದ್ದು ಈ ಸಲ ಮೋಟಾರ್ ಸೈಕಲ್ಲು. ಅದರ ಹಿಂದೆ ನಡೆದುಕೊಂಡು ಇಡೀ ಬೀದಿ.

"ಬಹಳ ಸುಲಭ ಭಾವಯ್ಯ" ಎಂದ ಅಣ್ಣ, ಸ್ಟ್ಯಾಂಡ್ ಹಾಕುತ್ತ. "ಬ್ಯಾರನ್ ಕೆಡವಿದೀವಿ ಅಂತ ತೋರಿಸ್ಬೇಕು ಅಷ್ಟೆ. ಕೊಳವೆ ಕಿತ್ತು ಹೊರಗೆ ರಾಶಿ ಹಾಕಿರ್ಬೇಕು. ಸಾಹೇಬ್ರು ಬಂದು ರಾಶಿ ನೋಡ್ತಾರೆ."

"ನಮಗೆಷ್ಟು ಬರುತ್ತೆ?" ಎಂದಳು ತಂಗಿ ಒಳಗಿನಿಂದ.

ಅಣ್ಣ ಕೆಮ್ಮಿದ. "ನಿಮ್ಗೆ... ನಂಬರ್ ಇಲ್ವಲ್ಲ ತಂಗೀ. ಇಲ್ದೇ ಇರೋ ಬ್ಯಾರನ್ ಕೆಡವೋದು ಹೆಂಗೆ?"

"ಓಹೋ. ಮತ್ತೆ ಯಾಕೆ ಬಂದ್ರಿ? ನಿಮ್ ನಿಮ್ ಬ್ಯಾರನ್ನಿಂದ ಕಿತ್ತು ರಾಶಿ ಹಾಕಿ. ಸುಸ್ಥಿತೀಲಿದೆ ಅಂತ ಬರ್ಕೊಂಡಿಲ್ವಾ ಸರ್ಕಾರ? ಕೀಳಣ್ಣ, ಕೀಳು. ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕಿತ್ತಿಡು, ಅದೂ ಕೊಳವೆ ಥರಾನೇ ಇದೆ."

ಅಜ್ಜಿ ಕಿಸಕ್ಕೆಂದಳು. ಅಣ್ಣ ಅವಳ ಕಡೆ ಕಣ್ಣು ಬಿಟ್ಟ. ಆಮೇಲೆ, ಹೆಂಗಸಿನ ಜೊತೆ ಏನು ಮಾತು ಎನ್ನುವ ಹಾಗೆ ಜಗುಲಿಯ ಕಡೆ ತಿರುಗಿ, ಟೀ ಅಂಗಡಿಯಲ್ಲಿ ಪಳಗಿಸಿದ ದನಿ ತೆಗೆದ.

"ಭಾವಯ್ಯ, ನೀನು ಸಾಮಾನ್ಯ ಮನುಷ್ಯನಲ್ಲ. ಅವತ್ತು ಸಾಹೇಬ್ರು ಎದುರಿಗೆ ನಿಂತು ಕೇಳಿದಾಗ, ಒಂದೇ ಒಂದು ಮಾತು ಆಡಿದ್ರೆ ಈ ಬೀದೀಲಿ ಒಬ್ಬನೂ ಉಳೀತಿರ್ಲಿಲ್ಲ. ಹೆಂಡತಿ ಮುಖ ನೋಡ್ಲಿಲ್ಲ, ಸ್ವಂತ ನಂಬರ್ ನೋಡ್ಲಿಲ್ಲ. ನಮ್ಗೋಸ್ಕರ ಬಾಯಿ ಕಟ್ಕೊಂಡು ಟವೆಲ್ಲಲ್ಲಿ ಮುಖ ಮುಚ್ಕೊಂಡು ಅತ್ತೆ. ಅಂಥವನ ಹತ್ರ ನಾಲ್ಕು ತುಂಡು ಕೊಳವೆ ಕೇಳೋಕೆ ನಮ್ಗೇನೂ ನಾಚಿಕೆ ಇಲ್ಲ."

"ಅದು ಗೊತ್ತು" ಎಂದಳು ತಂಗಿ.

ಎಲ್ಲರೂ ಜಗುಲಿಯ ಕಡೆ ನೋಡಿದರು. ಮೂರನೆಯ ಸಲ. ಬಾಗಿಲಲ್ಲಿ ಹೆಂಡತಿ ಕೈಕಟ್ಟಿ ನಿಂತಳು. ಈ ಸಲ ಅವಳು ಎಣಿಸಲು ಹೋಗಲಿಲ್ಲ. ಅವನು ಕೈಯಲ್ಲಿದ್ದ ದಾರ ಕೆಳಗಿಟ್ಟ. ಅವಳನ್ನೊಮ್ಮೆ ನೋಡಿದ. ಅಣ್ಣನನ್ನು ನೋಡಿದ. ಹೊಗಳಿಕೆ ಯಾರನ್ನು ಕುರಿತದ್ದೆಂದು ಅವನಿಗೆ ನಿಜವಾಗಿಯೂ ತಿಳಿಯದೆ, ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಅಳೋದೇನು ಬಂತು ಭಾವ? ಹೇಳೋಕೇ ಬಾಯಿ ತೆಗ್ದಿದ್ದೆ. ಎಲ್ಲರ ಹೆಸ್ರೂ ಹೇಳೋಣ ಅಂತ. ಮೊದ್ಲು ನಿಮ್ದೇ. ಮಸಿ ಗಂಟಲಿಗೆ ಹೋಗಿ ಕೆಮ್ಮು ಹತ್ಕೊಂಡ್ತು. ನಿಲ್ಲೋ ಹೊತ್ಗೆ ಜೀಪು ಹೊರಟ್ಹೋಗಿತ್ತು."